ಸೂಜಿ ಚುಚ್ಚಿದಲ್ಲೇ ಎದ್ದ ಗುಳ್ಳೆ

ಮೊಳಕಾಲ್ಮೂರಿನ ಪಶುವೈದ್ಯರು ಬರೆದ ಪತ್ರದಲ್ಲಿ ಇದ್ದದ್ದು ಐದಾರು ಸಾಲು. ದೇವಸಮುದ್ರ ಹೋಬಳಿಯ ಒಂದು ಹಟ್ಟಿಯಲ್ಲಿ ಕುರಿ ಸಿಡುಬಿನ ಲಸಿಕೆ ಹಾಕಿದ ಎಂಟನೆಯ ದಿನಕ್ಕೆ ಕುರಿಗಳಿಗೆ ಸಿಡುಬೇ ಬಂದಿದೆ. ಸೂಜಿ ಚುಚ್ಚಿದ ಜಾಗದಲ್ಲೇ ಮೊದಲ ಗುಳ್ಳೆ ಎದ್ದಿದೆ. ಸುತ್ತಲಿನ ಹಟ್ಟಿಗಳವರು ಲಸಿಕೆಯವರನ್ನು ಹತ್ತಿರಕ್ಕೆ ಬಿಡುತ್ತಿಲ್ಲ. ಕೆಳಗೆ ಬ್ಯಾಚ್ ಸಂಖ್ಯೆ ಬರೆದಿದ್ದರು.

ಆ ಸಂಖ್ಯೆ ನನಗೆ ಬಾಯಿಪಾಠವಾಗಿತ್ತು. ಬೆಂಗಳೂರಿನಲ್ಲಿ ಜಾನುವಾರು ಲಸಿಕೆ ತಯಾರಿಸುವ ಸಂಸ್ಥೆಯೊಂದರಲ್ಲಿ ಸುರಕ್ಷತಾ ಪರೀಕ್ಷೆ ನನ್ನ ಕೆಲಸ. ಪ್ರತಿ ಬ್ಯಾಚಿನಿಂದ ಕೆಲವು ಸೀಸೆ ತೆಗೆದು, ನಮ್ಮ ಕೊಟ್ಟಿಗೆಯ ಕುರಿಗಳಿಗೆ ಹೇಳಿದ ಪ್ರಮಾಣಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಚುಚ್ಚಿ, ಎರಡು ವಾರ ಬೆಳಿಗ್ಗೆ ಸಂಜೆ ಜ್ವರ ನೋಡಬೇಕು. ಮೈಯೆಲ್ಲ ತಡವಿ ಗುಳ್ಳೆ ಹುಡುಕಬೇಕು. ಏನೂ ಆಗದಿದ್ದರೆ ಸಹಿ ಹಾಕಬೇಕು. ಈ ಬ್ಯಾಚಿಗೆ ಸಹಿ ಹಾಕಿದವಳು ನಾನೇ.

ಕುರಿ ಸಿಡುಬಿನ ಲಸಿಕೆಯಲ್ಲಿ ಇರುವುದು ಜೀವಂತ ವೈರಸ್ಸೇ. ಪ್ರಯೋಗಾಲಯದಲ್ಲಿ ಮತ್ತೆ ಮತ್ತೆ ಬೆಳೆಸಿ ಅದರ ಹಲ್ಲು ಕಿತ್ತಿರುತ್ತೇವೆ. ಅದು ಎಲ್ಲಾದರೂ ತನ್ನ ಹಳೆಯ ಗುಣಕ್ಕೆ ಮರಳಿದರೆ ಎಂಬ ಹೆದರಿಕೆ ಈ ಕೆಲಸ ಮಾಡುವವರ ಎದೆಯ ಮೂಲೆಯಲ್ಲಿ ಸದಾ ಇರುತ್ತದೆ. ಪತ್ರವನ್ನು ಮುಖ್ಯಸ್ಥರಿಗೆ ತೋರಿಸಿದೆ. ಅವರು ಎರಡು ಸಲ ಓದಿ, "ಬ್ಯಾಚನ್ನು ತಡೆಹಿಡಿಯೋಣ. ನೀವೇ ಹೋಗಿ ಮಾದರಿ ತನ್ನಿ" ಎಂದರು.

ಥರ್ಮೊಕೋಲ್ ಡಬ್ಬಿಯಲ್ಲಿ ಐಸ್ ತುಂಬಿಕೊಂಡು ಬೆಳಗಿನ ಬಸ್ಸಿಗೆ ಹೊರಟೆ. ಚಳ್ಳಕೆರೆಯಲ್ಲಿ ಇಳಿಯುವ ಹೊತ್ತಿಗೆ ಅರ್ಧ ಐಸು ನೀರಾಗಿತ್ತು. ಬಸ್ ನಿಲ್ದಾಣದ ಎದುರು ಸೋಡಾ ಅಂಗಡಿಯ ಸಾಹೇಬರು ಗೋಣಿಚೀಲದಲ್ಲಿ ಸುತ್ತಿಟ್ಟಿದ್ದ ಐಸ್ ಗಡ್ಡೆ ಒಡೆದುಕೊಟ್ಟರು. "ಏನೈತಮ್ಮ ಡಬ್ಬೀಲಿ, ಮೀನಾ?" ಎಂದು ಕೇಳಿದರು. ಕುರಿ ಸಿಡುಬಿನ ಹಕ್ಕಳೆ ತರಲು ಹೋಗುತ್ತಿದ್ದೇನೆ ಎಂದಾಗ "ಹಂಗಾದ್ರೆ ವಾಪಸ್ ಬರೋವಾಗ ಅಂಗಡಿ ಒಳಗೆ ಬರಬ್ಯಾಡಿ, ಕೂಗ್ರಿ, ನಾನೇ ತಂದ್ಕೊಡ್ತೀನಿ" ಎಂದರು. ಆಮೇಲೆ ಪ್ರತಿ ಸಲವೂ ಹಾಗೆಯೇ ನಡೆದುಕೊಂಡರು.

ಮೊಳಕಾಲ್ಮೂರಿನ ಪಶು ಆಸ್ಪತ್ರೆಯ ಹಿಂದಿನ ಮನೆಗಳಲ್ಲಿ ಮಗ್ಗ ಆಡುವ ಸದ್ದು. ವೈದ್ಯರು ತೆಳ್ಳಗಿನ, ಮಾತು ಕಡಿಮೆಯ ಮನುಷ್ಯ. ಹೊರಗಿನ ಬೆಂಚಿನ ಮೇಲೆ ಐವತ್ತು ದಾಟಿದ ಒಬ್ಬರು ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಆ ಹಟ್ಟಿಯಲ್ಲಿ ಲಸಿಕೆ ಹಾಕಿದ ಸಹಾಯಕರು ಅವರೇ. ಸೈಕಲ್ಲಿಗೆ ಐಸ್ ಫ್ಲಾಸ್ಕ್ ಕಟ್ಟಿಕೊಂಡು ಇಡೀ ಹೋಬಳಿ ಸುತ್ತಿದವರು. ಈಗ ಅವರನ್ನು ಆ ಕೆಲಸದಿಂದ ಬಿಡಿಸಿ ಕೂರಿಸಿದ್ದರು.

"ನಾನು ಔಷಧಿ ಬಿಸ್ಲಿಗೆ ಇಟ್ಟಿಲ್ಲ ಮೇಡಮ್ಮೋರೆ. ನೀರು ಜಾಸ್ತಿ ಕಮ್ಮಿ ಮಾಡಿಲ್ಲ" ಎಂದಷ್ಟೇ ಹೇಳಿದರು. ಜೀಪಿನಲ್ಲಿ ನಮ್ಮ ಜೊತೆ ಬರಲು ಒಪ್ಪಲಿಲ್ಲ. ಹಟ್ಟಿಯವರಿಗೆ ಮುಖ ತೋರಿಸಲು ಆಗುವುದಿಲ್ಲ ಎಂದರು.

ಹಟ್ಟಿ ಊರಿನಿಂದ ದೂರ, ಜಾಲಿ ಗಿಡಗಳ ನಡುವೆ ಇತ್ತು. ಮುಳ್ಳಿನ ಬೇಲಿ ಹಾಕಿದ ಕುರಿ ರೊಪ್ಪಗಳು ಎರಡು, ಅಕ್ಕಪಕ್ಕದಲ್ಲೇ. ಒಂದು, ನಮ್ಮನ್ನು ಕಂಡು ಎದ್ದುಬಂದ ಅಜ್ಜಿಯದು, ಇನ್ನೊಂದು ಅವಳ ಮೈದುನನದು. ಗಂಡ ತೀರಿಕೊಂಡ ಮೇಲೆ ಮಂದೆಯನ್ನು ಅಜ್ಜಿ ಒಬ್ಬಳೇ ನೋಡಿಕೊಂಡಿದ್ದಳು. ಹೆಗಲ ಮೇಲೆ ಕಂಬಳಿ, ಬಾಯಲ್ಲಿ ಎಲೆಅಡಿಕೆ. ನಾನು ಲಸಿಕೆ ಮಾಡುವ ಕಡೆಯವಳು ಎಂದು ವೈದ್ಯರು ಹೇಳಿದಾಗ ಅವಳು ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು.

"ನೀನೇನವ್ವ ಮಾಡಿದ್ದು?"

"ಮಾಡಿದವರು ಬೇರೆ. ಚೆನ್ನಾಗಿದೆ ಅಂತ ಸಹಿ ಹಾಕಿದ್ದು ನಾನು."

"ಹಂಗಾದ್ರೆ ಬಾ ಇಲ್ಲಿ. ನೋಡು."

ಬೈಗುಳಕ್ಕೆ ಸಿದ್ಧಳಾಗಿದ್ದ ನನಗೆ ಆ ತಣ್ಣನೆಯ ಮಾತು ಇನ್ನೂ ಕಷ್ಟವಾಯಿತು. ಅವಳು ಒಂದೊಂದೇ ಕುರಿಯನ್ನು ಕಾಲ್ಸಂದಿಯಲ್ಲಿ ಹಿಡಿದು ತೋರಿಸಿದಳು. ಬಲ ತೊಡೆಯ ಒಳಗೆ, ಉಣ್ಣೆ ಇಲ್ಲದ ಕಡೆ, ಸೂಜಿ ಹೋದ ಜಾಗದಲ್ಲಿ ನಿಂಬೆಹಣ್ಣಿನ ಗಾತ್ರದ ಗಂಟು, ಮೇಲೆ ಕರಿ ಹಕ್ಕಳೆ. ಆಮೇಲೆ ಕಿವಿ, ಮೂತಿ, ಬಾಲದ ಕೆಳಗೆ ಸಣ್ಣ ಸಣ್ಣ ಗುಳ್ಳೆಗಳು. ಹನ್ನೊಂದು ಕುರಿ ಆಗಲೇ ಸತ್ತಿದ್ದವು. ಅವುಗಳ ಹೆಸರನ್ನೂ ಹೇಳಿದಳು. ಬಿಳಿಕಿವಿ, ಮೋಟಬಾಲ, ಕರಿಮೂತಿ, ಕರಿಮೂತಿಯ ಮಗಳು. ನಮ್ಮ ಕೊಟ್ಟಿಗೆಯಲ್ಲಿ ಕುರಿಗಳ ಕಿವಿಗೆ ಸಂಖ್ಯೆಯ ಬಿಲ್ಲೆ ಇರುತ್ತದೆ. ನನ್ನ ಟಿಪ್ಪಣಿ ಪುಸ್ತಕದಲ್ಲಿ ಅಂದು ಮೊದಲ ಬಾರಿಗೆ ಹೆಸರಿನ ಎದುರು ಲಕ್ಷಣ ಬರೆದೆ.

ಹಕ್ಕಳೆಗಳನ್ನು ಚಿಮಟದಿಂದ ಕಿತ್ತು ದ್ರಾವಣದ ಸೀಸೆಗಳಿಗೆ ಹಾಕಿದೆ. ಉಪಯೋಗಿಸಿದ ಲಸಿಕೆಯ ಸೀಸೆ ಏನಾದರೂ ಸಿಗಬಹುದೇ ಎಂದು ಕೇಳಿದೆ. ತಳದಲ್ಲಿ ಒಂದು ಹನಿ ಒಣಗಿ ಉಳಿದಿದ್ದರೂ ನನಗೆ ಸಾಕಿತ್ತು. ಅಜ್ಜಿಯ ಮುಖ ಅರಳಿತು. "ಐತಲ್ಲ" ಎಂದು ಸೊಂಟದ ಚೀಲದಿಂದ ಗಾಜಿನ ಸೀಸೆ ತೆಗೆದಳು. ಅದರ ತುಂಬ ಎಲೆಅಡಿಕೆಯ ಸುಣ್ಣ. "ಬಿಸ್ನೀರಾಗೆ ಮೂರು ಸಲ ತೊಳ್ದೀನಿ ಕಣವ್ವ, ಚೆನ್ನಾಗೈತೆ ಗಾಜು" ಎಂದಳು. ವೈದ್ಯರು ಮುಖ ಆ ಕಡೆ ತಿರುಗಿಸಿಕೊಂಡರು. ಹನಿಯಂತೂ ಹೋಯಿತು, ಆದರೆ ಚೀಟಿ ಉಳಿದಿತ್ತು. ಸಂಖ್ಯೆ ನನ್ನ ಬ್ಯಾಚಿನದೇ. ಇಂಥ ಸೀಸೆಯನ್ನು ಮನೆಯಲ್ಲಿ ಇಟ್ಟುಕೊಳ್ಳಬಾರದು ಎಂದು ತಿಳಿಸಿ ಹೇಳಿ, ಚಳ್ಳಕೆರೆಯಿಂದ ಹೊಸ ಸುಣ್ಣದ ಡಬ್ಬಿ ತಂದುಕೊಡುವುದಾಗಿ ಮಾತು ಕೊಟ್ಟ ಮೇಲೆ ಅದನ್ನು ನನಗೆ ಒಪ್ಪಿಸಿದಳು.

ಪ್ರಯೋಗಾಲಯದಲ್ಲಿ ನನಗೆ ತಿಳಿಯಬೇಕಿದ್ದದ್ದು ಒಂದೇ. ಕುರಿಗಳನ್ನು ಕೊಂದ ವೈರಸ್ ನಮ್ಮ ಲಸಿಕೆಯದೋ, ಹೊಲದಲ್ಲಿ ತಿರುಗುವ ಕಾಡು ವೈರಸ್ಸೋ. ಕಣ್ಣಿಗೆ, ಸೂಕ್ಷ್ಮದರ್ಶಕಕ್ಕೆ ಎರಡೂ ಒಂದೇ. ಆದರೆ ಅವುಗಳ ಡಿಎನ್‌ಎಯಲ್ಲಿ ಒಂದು ಕಡೆ ಸಣ್ಣ ವ್ಯತ್ಯಾಸ ಇತ್ತು. ಆ ತುಣುಕನ್ನು ಪಿಸಿಆರ್ ಯಂತ್ರದಲ್ಲಿ ಲಕ್ಷಾಂತರ ಪ್ರತಿ ಮಾಡಿ, ಕತ್ತರಿಯ ಹಾಗೆ ಕೆಲಸ ಮಾಡುವ ಒಂದು ಕಿಣ್ವವನ್ನು ಹಾಕಿದರೆ, ಕಾಡು ವೈರಸ್ಸಿನ ತುಣುಕು ಎರಡು ಹೋಳಾಗುತ್ತದೆ, ಲಸಿಕೆಯದು ಇಡಿಯಾಗಿ ಉಳಿಯುತ್ತದೆ. ಜೆಲ್ ಮೇಲೆ ಓಡಿಸಿ ಅತಿನೇರಳೆ ಬೆಳಕಿನಲ್ಲಿ ನೋಡಿದರೆ ಒಂದು ಪಟ್ಟಿ ಅಥವಾ ಎರಡು ಪಟ್ಟಿ. ಆ ಯಂತ್ರ ನಮ್ಮಲ್ಲಿಗೆ ಬಂದು ಬಹಳ ದಿನವಾಗಿರಲಿಲ್ಲ. ಅದರ ಮುಚ್ಚಳ ಮುಚ್ಚುವಾಗ ಎಲ್ಲರೂ ಉಸಿರು ಬಿಗಿಹಿಡಿಯುತ್ತಿದ್ದೆವು.

ಮೊದಲ ಸಲ ಏನೂ ಬರಲಿಲ್ಲ. ತಿಳಿದ ವೈರಸ್ ಹಾಕಿದ ಸಾಲುಗಳಲ್ಲಿ ಪಟ್ಟಿ ಹೊಳೆಯುತ್ತಿತ್ತು. ಹಟ್ಟಿಯ ಮಾದರಿಗಳ ಸಾಲು ಖಾಲಿ. ಎರಡನೆಯ ಸಲವೂ ಖಾಲಿ. ಡಿಎನ್‌ಎ ತೆಗೆಯುವ ವಿಧಾನ ಬದಲಾಯಿಸಿದೆ. ಆಗಲೂ ಖಾಲಿ. ಕೊನೆಗೆ ನನ್ನ ಮಾದರಿಯೊಂದಕ್ಕೆ ತಿಳಿದ ವೈರಸ್ಸನ್ನೇ ಬೆರೆಸಿ ಓಡಿಸಿದೆ. ಅದೂ ಮಾಯ. ಅಂದರೆ ಮಾದರಿಯಲ್ಲಿರುವ ಇನ್ನೇನೋ ವಸ್ತು ಯಂತ್ರದ ಕೆಲಸವನ್ನೇ ತಡೆಯುತ್ತಿದೆ. ಕೊಳವೆಯನ್ನು ಕಿಟಕಿಯ ಬೆಳಕಿಗೆ ಹಿಡಿದಾಗ ಉತ್ತರ ಕಂಡಿತು. ತೆಗೆದ ಡಿಎನ್‌ಎ ಬಣ್ಣವಿಲ್ಲದೆ ಇರಬೇಕು. ಇದು ತೆಳು ಹಳದಿ ಬಣ್ಣಕ್ಕಿತ್ತು. ಬೇವಿನೆಣ್ಣೆಯಲ್ಲಿ ಅರಿಸಿನ ಕಲಸಿ ಅಜ್ಜಿ ಪ್ರತಿ ಗಾಯಕ್ಕೂ ದಪ್ಪಗೆ ಬಳಿದಿದ್ದಳು. ಹಕ್ಕಳೆ ಕೀಳುವಾಗ ನನ್ನ ಕೈಗವಸೆಲ್ಲ ಹಳದಿಯಾಗಿದ್ದನ್ನು ನಾನೇ ನೋಡಿದ್ದೆ, ಆದರೆ ಯೋಚಿಸಿರಲಿಲ್ಲ.

ಮತ್ತೆ ಹೋದೆ. ಸುಣ್ಣದ ಡಬ್ಬಿಯನ್ನು ಮರೆಯಲಿಲ್ಲ. ಅರಿಸಿನದ ವಿಷಯ ಕೇಳಿ ಅಜ್ಜಿಗೆ ನಗು ತಡೆಯಲಾಗಲಿಲ್ಲ. "ಅಷ್ಟು ದೂರದ ಮಿಷನ್ನು ನನ್ನ ಅರಿಸಿನಕ್ಕೆ ಹೆದರ್ಕಂತಾ" ಎಂದು ಮೈದುನನನ್ನು ಕರೆದು ತೆಲುಗಿನಲ್ಲಿ ಇನ್ನೊಮ್ಮೆ ಹೇಳಿ ನಕ್ಕಳು. ಅರಿಸಿನ ಮುಟ್ಟದ ಜಾಗ ಹುಡುಕುತ್ತ ಇಬ್ಬರೂ ರೊಪ್ಪದಲ್ಲಿ ಅರ್ಧ ದಿನ ಕುಕ್ಕರುಗಾಲಲ್ಲಿ ಕೂತೆವು. ಕಿವಿಯ ಒಳಮಡಿಕೆ, ಬಾಲದ ಬುಡ. ತೊಡೆಯ ಗಂಟಿನಲ್ಲಿ ಮೇಲಿನ ಹಕ್ಕಳೆ ತೆಗೆದು ಒಳಗಿನ ಹಸಿ ಭಾಗದಿಂದ ಚೂರು ತೆಗೆದೆ. ಅವಳು ಹಿಡಿದರೆ ಕುರಿ ಅಲುಗುತ್ತಿರಲಿಲ್ಲ. ಕಿವಿಯಲ್ಲಿ ಏನೋ ಹೇಳುತ್ತಿದ್ದಳು. ಮಧ್ಯಾಹ್ನ ಮುದ್ದೆ, ಹುರುಳಿಕಾಳಿನ ಸಾರು ಬಡಿಸಿದಳು. ನಾನು ನುಂಗಲು ಒದ್ದಾಡುವುದನ್ನು ನೋಡಿ, "ಅಗೀಬ್ಯಾಡವ್ವ, ಜಾರಿಸು" ಎಂದು ಸಾರು ಇನ್ನಷ್ಟು ಹಾಕಿದಳು.

ಊಟ ಮಾಡುತ್ತ ನಾನು ಸುಮ್ಮನೆ ಕೇಳಿದೆ, ಲಸಿಕೆ ಹಾಕಿದ ದಿನ ಯಾವ ಕುರಿ ಮೊದಲು, ಯಾವುದು ಆಮೇಲೆ ಎಂದು ನೆನಪಿದೆಯೇ ಎಂದು. ಆಸ್ಪತ್ರೆಯ ಪುಸ್ತಕದಲ್ಲಿ ಒಟ್ಟು ಲೆಕ್ಕ ಮಾತ್ರ ಇತ್ತು.

"ಬಾಗಿಲಾಗೆ ನಿಂತು ಹಿಡಿದುಕೊಟ್ಟೋಳು ನಾನು. ನೆನಪಿಲ್ದೆ ಏನು."

ಅವಳು ಕಣ್ಣು ಮುಚ್ಚಿ ಹೇಳುತ್ತ ಹೋದಳು, ನಾನು ಎಡಗೈಯಲ್ಲಿ ಪುಸ್ತಕ ಹಿಡಿದು ಬರೆಯುತ್ತ ಹೋದೆ. ಒಕಟಿ, ರೆಂಡು, ಮೂಡು ಎಂದು ಎಣಿಕೆ ತೆಲುಗಿನಲ್ಲಿ, ಹೆಸರು ಕನ್ನಡದಲ್ಲಿ. ಮೊದಲು ಮೈದುನನ ಮಂದೆ. ಅದು ಮುಗಿದ ಮೇಲೆ, ಸೀಸೆಯಲ್ಲಿ ಉಳಿದ ಔಷಧಿಯಿಂದ ಅವಳ ಮಂದೆ ಶುರು. ಬಿಳಿಕಿವಿ ಮೊದಲು, ಆಮೇಲೆ ಮೋಟಬಾಲ. ಹೀಗೆ ಮೂವತ್ತರ ಹತ್ತಿರ ಬಂದಾಗ ಆ ಸೀಸೆ ಖಾಲಿಯಾಯಿತು. ಸಹಾಯಕರು ಟೀ ಕುಡಿದರು, ಸಿರಿಂಜು ಸೂಜಿ ಕುದಿಸಿದರು, ಹೊಸ ಸೀಸೆ ಒಡೆದರು, ಉಳಿದವಕ್ಕೆ ಹಾಕಿದರು.

ಬರೆದದ್ದನ್ನು ನೋಡಿದೆ. ಸತ್ತವು, ಕಾಯಿಲೆ ಬಿದ್ದವು ಎಲ್ಲವೂ ಟೀಗಿಂತ ಮುಂಚಿನವು. ಟೀಯ ನಂತರದ ಒಂದಕ್ಕೂ ಗುಳ್ಳೆ ಎದ್ದಿರಲಿಲ್ಲ.

ಮೊದಲ ಸೀಸೆಯೇ ಕೆಟ್ಟದ್ದು ಎನ್ನಲು ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ?

"ಮೈದುನರ ಮಂದೆಯಲ್ಲಿ?" ಎಂದೆ.

ಅಜ್ಜಿ ದೂರದಲ್ಲಿ ನಿಂತಿದ್ದ ಮೈದುನನನ್ನು ನೋಡಿ, "ಹೇಳೋ, ಮುಚ್ಚಿಟ್ಟು ಏನು ಮಾಡ್ತೀಯ" ಎಂದಳು. ಅವನು ನೆಲ ನೋಡುತ್ತ ಹೇಳಿದ. ಮೇವು ಹುಡುಕಿ ಮಂದೆಯನ್ನು ಆಂಧ್ರದ ಕಡೆ ಹೊಡೆದುಕೊಂಡು ಹೋಗಿ, ಲಸಿಕೆಯ ಹಿಂದಿನ ವಾರವಷ್ಟೇ ಮರಳಿದ್ದ. ಲಸಿಕೆ ಹಾಕಿದ ದಿನವೇ, ಅವನ ಸರದಿಯ ಕೊನೆಯಲ್ಲಿದ್ದ ಎರಡು ಕುರಿ ಮೇವು ಬಿಟ್ಟು ತಲೆ ತಗ್ಗಿಸಿ ನಿಂತಿದ್ದವು. ಮುಂದೆ ಎರಡೇ ದಿನಕ್ಕೆ ಅವುಗಳ ಮುಖದಲ್ಲಿ ಗುಳ್ಳೆ ಎದ್ದಿತು. ಸುದ್ದಿಯಾದರೆ ಯಾರೂ ಮಂದೆಯನ್ನು ಮೇವಿಗೆ ಬಿಡುವುದಿಲ್ಲ ಎಂದು ಹೆದರಿ ಯಾರಿಗೂ ಹೇಳಿರಲಿಲ್ಲ.

"ನಾನು ಅವತ್ತೇ ಸೂಜಿ ಹಾಕೋರಿಗೆ ಹೇಳ್ದೆ" ಎಂದಳು ಅಜ್ಜಿ. "ಸ್ವಾಮಿ, ಈ ಎರಡರ ಕಣ್ಣು ಸರಿ ಇಲ್ಲ, ಇವನ್ನ ಬಿಡ್ರಿ ಅಂದೆ. ಎಲ್ಲಕ್ಕೂ ಹಾಕು ಅಂತ ಆರ್ಡರ್ ಐತಮ್ಮ ಅಂದ್ರು. ಪಾಪ, ಅವರೇನು ಮಾಡ್ತಾರೆ."

ಈ ಸಲದ ಮಾದರಿಗಳಲ್ಲಿ ಪಟ್ಟಿ ಬಂತು. ಕಿವಿಯ ಹಕ್ಕಳೆಗಳಲ್ಲಿ ಎರಡೇ ಪಟ್ಟಿ. ಅದು ಕಾಡು ವೈರಸ್. ಆದರೆ ತೊಡೆಯ ಗಂಟಿನ ಮಾದರಿಗಳಲ್ಲಿ ಮೂರು. ಮೇಲೆ ಒಂದು, ಕೆಳಗೆ ಎರಡು. ಕಿಣ್ವ ಸಾಕಾಗದೆ ಅರ್ಧ ಮಾತ್ರ ಕತ್ತರಿಸಿರಬೇಕೆಂದು ಹೆಚ್ಚು ಹಾಕಿ, ಹೆಚ್ಚು ಹೊತ್ತು ಇಟ್ಟು ಮತ್ತೆ ಮಾಡಿದೆ. ಮತ್ತೆ ಮೂರು. ಪಕ್ಕದ ಸಾಲಿನ ಶುದ್ಧ ಕಾಡು ವೈರಸ್ ಮಾತ್ರ ಪೂರ್ತಿ ಕತ್ತರಿಸಿಹೋಗಿತ್ತು. ಹಾಗಾದರೆ ಗಂಟಿನಲ್ಲಿ ಎರಡೂ ವೈರಸ್ಸುಗಳು ಇದ್ದವು.

ಆ ಜೆಲ್ಲಿನ ಚಿತ್ರವನ್ನೂ ಅಜ್ಜಿ ಹೇಳಿದ ಸರದಿಯನ್ನೂ ಅಕ್ಕಪಕ್ಕ ಇಟ್ಟುಕೊಂಡು ಒಂದು ಮಧ್ಯಾಹ್ನ ಕೂತೆ. ಮೈದುನನ ಮಂದೆಯ ಆ ಎರಡು ಕುರಿಗಳ ಮೈಯಲ್ಲಿ ರೋಗ ಆಗಲೇ ಇತ್ತು. ಅವಕ್ಕೆ ಚುಚ್ಚಿದ ಸೂಜಿ ಸಿರಿಂಜು ತುಂಬಿಕೊಳ್ಳಲು ಮತ್ತೆ ಸೀಸೆಯೊಳಗೆ ಇಳಿದಿತ್ತು. ಅಲ್ಲಿಂದ ಮುಂದೆ ಆ ಸೀಸೆಯ ಪ್ರತಿ ಹನಿಯಲ್ಲಿ ನಮ್ಮ ಲಸಿಕೆಯೂ ಇತ್ತು, ಕಾಡು ವೈರಸ್ಸೂ ಇತ್ತು. ಲಸಿಕೆ ಕುರಿಯನ್ನು ಕಾಯಲು ಎರಡು ವಾರ ಬೇಕು. ಕಾಡು ವೈರಸ್ಸಿಗೆ ಒಂದು ವಾರ ಸಾಕು. ಲಸಿಕೆ ಕೆಟ್ಟಿರಲಿಲ್ಲ. ಆದರೆ ರೋಗವನ್ನು ಒಂದು ರೊಪ್ಪದಿಂದ ಇನ್ನೊಂದಕ್ಕೆ ದಾಟಿಸಿದ್ದು ನಾವೇ, ನಮ್ಮ ಕೈಯಿಂದಲೇ.

ಆಮೇಲೆ ಸೀಸೆಯ ಜೊತೆ ಹೋಗುವ ಸೂಚನೆಯ ಕಾಗದವನ್ನು ತೆಗೆದು ಓದಿದೆ. ಎಷ್ಟು ನೀರು ಬೆರೆಸಬೇಕು, ಎಷ್ಟು ಹೊತ್ತಿನಲ್ಲಿ ಮುಗಿಸಬೇಕು, ಎಲ್ಲಿ ಚುಚ್ಚಬೇಕು ಎಲ್ಲ ಇತ್ತು. ಚುಚ್ಚಿದ ಸೂಜಿ ಸೀಸೆಗೆ ಮರಳಬಾರದು ಎಂದು ಇರಲಿಲ್ಲ. ಮಂದೆಯಿಂದ ಮಂದೆಗೆ ಸೂಜಿ ಬದಲಾಯಿಸಿ ಎಂದು ಇರಲಿಲ್ಲ. ಅದೂ ಇಂಗ್ಲಿಷಿನಲ್ಲಿ ಇತ್ತು. ಅದನ್ನು ಬರೆದವಳು ನಾನು. ಇದೆಲ್ಲ ಎಲ್ಲರಿಗೂ ಗೊತ್ತೇ ಇರುತ್ತದೆ ಎಂದುಕೊಂಡು ಬಿಟ್ಟಿದ್ದೆ.

ಮುಖ್ಯಸ್ಥರಿಗೆ ಕಿವಿಯ ಮಾದರಿಯ ಫಲಿತಾಂಶ ಕಂಡ ಕೂಡಲೇ ನೆಮ್ಮದಿಯಾಯಿತು. "ಬ್ಯಾಚ್ ಸುರಕ್ಷಿತ, ಹೊಲದ ವೈರಸ್ಸಿನಿಂದ ರೋಗ. ಇಷ್ಟು ಬರೆದು ಕಳಿಸಿ" ಎಂದರು. ಅದು ಸುಳ್ಳಾಗಿರಲಿಲ್ಲ. ಅಷ್ಟಕ್ಕೇ ನಿಲ್ಲಿಸಿದ್ದರೆ ನನ್ನ ಸಹಿಗೆ ಕಳಂಕ ತಟ್ಟುತ್ತಿರಲಿಲ್ಲ. ಆದರೆ ಬೆಂಚಿನ ಮೇಲೆ ಟೋಪಿ ಇಟ್ಟುಕೊಂಡು ಕೂತಿದ್ದವರು ಹಾಗೆಯೇ ಕೂತಿರುತ್ತಿದ್ದರು, ಮುಂದಿನ ಹಟ್ಟಿಯಲ್ಲಿ ಇನ್ನೊಬ್ಬರು ಅದೇ ಸೂಜಿಯನ್ನು ಸೀಸೆಗೆ ಇಳಿಸುತ್ತಿದ್ದರು.

"ಪೂರ್ತಿ ಬರೆಯುತ್ತೇನೆ ಸರ್" ಎಂದೆ.

"ನಮ್ಮ ಕಾಗದದಲ್ಲಿ ಲೋಪ ಇತ್ತು ಅಂತ ನಾವೇ ಒಪ್ಪಿಕೊಂಡ ಹಾಗಾಗುತ್ತದೆ."

"ಲೋಪ ಇತ್ತು ಸರ್. ಬರೆದದ್ದು ನಾನು. ನನ್ನ ಹೆಸರಿನಲ್ಲೇ ಹೋಗಲಿ."

ಅವರು ಕನ್ನಡಕ ತೆಗೆದು ಒರೆಸುತ್ತ ಕೂತರು. ಆಮೇಲೆ, "ನಿಮ್ಮ ಹೆಸರೊಂದೇ ಯಾಕೆ? ಆ ಕಾಗದಕ್ಕೆ ಒಪ್ಪಿಗೆ ಕೊಟ್ಟವನು ನಾನು" ಎಂದು ವರದಿಯ ಕೆಳಗೆ ಜಾಗ ಮಾಡಿಕೊಂಡು ಸಹಿ ಮಾಡಿದರು. ಅವರ ಬಗ್ಗೆ ನನಗಿದ್ದ ಗೌರವ ಅಂದಿನಿಂದ ಇನ್ನೊಂದು ಬಗೆಯದಾಯಿತು.

ವರದಿ ಮೇಲಿನವರಿಗೆ ಹೋಯಿತು. ಹಟ್ಟಿಗೆ ಹೇಳುವ ಕೆಲಸವನ್ನು ಅಂಚೆಗೆ ಬಿಡಬಾರದೆಂದು ನಾನೇ ಹೋದೆ. ಈ ಸಲ ಸಹಾಯಕರನ್ನು ಜೀಪಿಗೆ ಹತ್ತಿಸಿಕೊಂಡೆವು. ಸುತ್ತಲಿನ ಹಟ್ಟಿಗಳ ಗಂಡಸರೂ ಬಂದು ಜಾಲಿಯ ನೆರಳಿನಲ್ಲಿ ಕೂತಿದ್ದರು. ನಾನು ಹೇಳಿದೆ. ಔಷಧಿ ಚೆನ್ನಾಗಿತ್ತು, ಆದರೆ ಕಾಯಿಲೆ ಕುರಿಗೆ ಚುಚ್ಚಿದ ಸೂಜಿ ಸೀಸೆಗೆ ಹೋದದ್ದರಿಂದ ಅದು ಕೆಟ್ಟಿತು. ಹಾಗೆ ಮಾಡಬಾರದು ಎಂದು ನಾವು ಬರೆದು ಕೊಟ್ಟಿರಲಿಲ್ಲ. ತಪ್ಪು ನಮ್ಮದು, ಇವರದಲ್ಲ.

ಒಬ್ಬ ಎದ್ದು, "ಹಂಗಾದ್ರೆ ಸತ್ತ ಕುರಿ?" ಎಂದು ಕೇಳಿದ. ಪರಿಹಾರಕ್ಕೆ ಬರೆದಿದ್ದೇವೆ, ಸಿಗುತ್ತದೆಂದು ಮಾತು ಕೊಡಲಾರೆ ಎಂದು ವೈದ್ಯರು ಹೇಳಿದರು. ಅವನು ಕಂಬಳಿ ಕೊಡವಿಕೊಂಡು ಹೊರಟೇ ಹೋದ. ಅವನ ಹಿಂದೆ ಇನ್ನಿಬ್ಬರು. ಸಹಾಯಕರು ತಲೆ ತಗ್ಗಿಸಿಯೇ ಇದ್ದರು.

ಅಜ್ಜಿ ಎದ್ದು ಬಂದು ಅವರ ಮುಂದೆ ನಿಂತಳು. "ನಾನು ಹೇಳ್ದಾಗ ಕೇಳಬೇಕಿತ್ತು ನೀನು" ಎಂದಳು. ಅಷ್ಟು ದಿನ ಸ್ವಾಮಿ ಎನ್ನುತ್ತಿದ್ದವಳು ಅಂದು ಮಗನಿಗೆ ಹೇಳುವ ಹಾಗೆ ನೀನು ಎಂದಳು. ಅವರು, "ಹೌದವ್ವ, ಕೇಳಬೇಕಿತ್ತು" ಎಂದರು.

"ಉಳಿದಾವಲ್ಲ, ಟೀ ಆದ್ಮ್ಯಾಲಿನವು, ಅವೆಲ್ಲ ಗಟ್ಟಿಯಾಗದಾವೆ" ಎಂದು ಅವಳು ಕೂತವರ ಕಡೆ ತಿರುಗಿದಳು. "ನನ್ನ ಮೈದುನನ ಮಂದೆ ಮಗ್ಗುಲಾಗೇ ಮಲಗ್ತಾವೆ. ಒಂದಕ್ಕೂ ಏನೂ ಆಗ್ಲಿಲ್ಲ. ಔಷಧಿ ಕೆಟ್ಟದ್ದಾಗಿದ್ರೆ ಉಳೀತಿದ್ವಾ?"

ನಾನು ಜೆಲ್ಲಿನ ಚಿತ್ರ ಹಿಡಿದು ಗಂಟೆಗಟ್ಟಲೆ ವಿವರಿಸಲು ಸಿದ್ಧಳಾಗಿ ಬಂದಿದ್ದೆ. ಅದನ್ನು ಚೀಲದಿಂದ ತೆಗೆಯಬೇಕಾಗಲಿಲ್ಲ. ಮುಂದಿನ ವಾರ ಕೆಲವು ಹಟ್ಟಿಗಳವರು ವೈದ್ಯರಿಗೆ ಹೇಳಿಕಳಿಸಿದರು. ಲಸಿಕೆ ಹಾಕಲು ಅದೇ ಸಹಾಯಕರು ಹೋದರು, ಈ ಸಲ ಡಬ್ಬಿ ತುಂಬ ಸೂಜಿಗಳು. ಹೊರಟುಹೋದ ಮೂವರು ಮಾತ್ರ ಆ ವರ್ಷ ಒಪ್ಪಲಿಲ್ಲ. ಅಜ್ಜಿಗೆ ಪರಿಹಾರ ಬಂದದ್ದು ತಡವಾಗಿ, ಕೇಳಿದ್ದಕ್ಕಿಂತ ಕಡಿಮೆ.

ಸೂಚನೆಯ ಕಾಗದವನ್ನು ಕನ್ನಡದಲ್ಲಿ ಹೊಸದಾಗಿ ಬರೆದೆ. ಅಚ್ಚಿಗೆ ಕೊಡುವ ಮುಂಚೆ ಅದನ್ನು ಹಟ್ಟಿಗೆ ಒಯ್ದು ಅಜ್ಜಿಗೆ ಓದಿ ಹೇಳಿದೆ. ಒಂದನೆಯದು, ಲಸಿಕೆಯನ್ನು ಐಸ್‌ನಲ್ಲಿ ಇಡಿ. ಎರಡನೆಯದು, ಸೀಸೆಗೆ ಬೇರೆ ಸೂಜಿ, ಕುರಿಗೆ ಬೇರೆ ಸೂಜಿ. ಮೂರನೆಯದು, ಮಂದೆ ಬದಲಾದರೆ ಸೂಜಿ ಸಿರಿಂಜು ಬದಲಾಯಿಸಿ. ಅವಳು ಎಲೆಗೆ ಸುಣ್ಣ ಸವರುತ್ತ ಕೊನೆಯವರೆಗೆ ಕೇಳಿಸಿಕೊಂಡಳು.

"ಎಲ್ಲ ಬರ್ದೀಯ. ಕೇಳೋದು ಬರ್ದಿಲ್ಲ."

"ಯಾರನ್ನು ಕೇಳೋದು?"

"ಸಾಕಿದೋರನ್ನ. ಯಾವ ಕುರಿ ಮೈ ಸರಿ ಇಲ್ಲ ಅಂತ ನಮಗೆ ಗೊತ್ತಿರ್ತೈತೆ. ನಿನ್ನ ಮಿಷನ್ನಿಗಿಂತ ಮುಂಚೆ ಗೊತ್ತಿರ್ತೈತೆ. ಸೂಜಿ ತೆಗ್ಯೋಕೆ ಮುಂಚೆ ಅವರನ್ನ ಕೇಳ್ರಿ ಅಂತ ಬರೀ. ಮೊದ್ಲಿಗೇ ಬರೀ."

ಅವಳ ಮುಂದೆಯೇ, ಕಾಗದವನ್ನು ತೊಡೆಯ ಮೇಲಿಟ್ಟುಕೊಂಡು, ಒಂದನ್ನು ಎರಡು ಮಾಡಿದೆ, ಎರಡನ್ನು ಮೂರು ಮಾಡಿದೆ. ಮೇಲೆ ಸಿಕ್ಕ ಇಕ್ಕಟ್ಟಿನ ಜಾಗದಲ್ಲಿ ಹೊಸ ಸಾಲು ಬರೆದು ಓದಿದೆ: "ಲಸಿಕೆ ಹಾಕುವ ಮುನ್ನ, ಮಂದೆಯಲ್ಲಿ ಮೇವು ಬಿಟ್ಟ ಕುರಿ ಇದೆಯೇ ಎಂದು ಸಾಕಿದವರನ್ನು ಕೇಳಿ. ಅವರು ಬೇಡ ಎಂದ ಕುರಿಗೆ ಹಾಕಬೇಡಿ."

"ಹೂಂ, ಈಗ ಸಹಿ ಹಾಕವ್ವ" ಎಂದಳು.